ಕಾಲೇಜು ಬೇಸ್‌ಬಾಲ್ ಅಂಪೈರಿಂಗ್ ಕ್ಲಿನಿಕ್: ನನಗೆ ಒಂದು ಇನಿಂಗ್ಸ್‌ಗೆ ಎಷ್ಟು ಬಿತ್ತು

2025ರ ಸೀಸನ್ನಿನಲ್ಲಿ, ಮಾರ್ಚ್‌ನಿಂದ ಮೇ ಮೊದಲ ವಾರದ ತನಕ, ನಾನು 27 ಕಾಲೇಜು ಗೇಮ್‌ಗೆ ಅಂಪೈರಿಂಗ್ ಮಾಡಿದೆ. ಅದರಲ್ಲಿ 14 ಗೇಮ್ ಪ್ಲೇಟ್ ಹಿಂದೆ, ಅಂದರೆ ಸ್ಟ್ರೈಕೋ ಬಾಲೋ ಎಂದು ಹೇಳುವ ಅಂಪೈರ್ ಜಾಗದಲ್ಲಿ. ಎಲ್ಲವೂ ಡಿವಿಷನ್ ಮೂರು (ಕಾಲೇಜು ಕ್ರೀಡೆಯ ಮೂರನೇ ಹಂತ) ಮತ್ತು ಎರಡು ವರ್ಷದ ಜೂನಿಯರ್ ಕಾಲೇಜುಗಳು, ನ್ಯೂಜೆರ್ಸಿಯ ಎಡಿಸನ್ನಿನ ನಮ್ಮ ಮನೆಯಿಂದ ಒಂದೂಕಾಲು ಗಂಟೆಯೊಳಗಿನ ದಾರಿ. ಎರಡು ವರ್ಷದ ಹಿಂದೆ ಯುಗಾದಿ ಊಟಕ್ಕೆ ಕೂತಾಗ, ಹೈಸ್ಕೂಲ್ ಗೇಮ್‌ಗೆ ಅಂಪೈರಿಂಗ್ ಮಾಡುವ ನಮ್ಮವರೇ ಇಬ್ಬರು, ಕ್ಲಿನಿಕ್ ಎನ್ನುವ ಅಂಪೈರ್ ತರಬೇತಿ ಶಿಬಿರಗಳ ಬಗ್ಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಲವತ್ತೆರಡು ವಯಸ್ಸು, ಬೇಸ್‌ಬಾಲ್ ಆಡಿದವರೂ ಅಲ್ಲ, ನಿಮಗ್ಯಾರು ಸಾರ್ ಕಾಲೇಜು ಗೇಮ್ ಕೊಡ್ತಾರೆ? ಕ್ಲಿನಿಕ್ ಅನ್ನೋದೆಲ್ಲ ದುಡ್ಡು ಕೀಳೋ ದಾರಿ." ಅವರಲ್ಲೊಬ್ಬರು ಕಳೆದ ತಿಂಗಳು ಫೋನ್ ಮಾಡಿ ಯಾವ ಕ್ಲಿನಿಕ್‌ಗೆ ಸೇರಲಿ ಅಂತ ಕೇಳಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು. ಹೊಸಬರಿಗೆ ಎರಡು ಮಾತು: ಸ್ಲಾಟ್ ಅಂದರೆ ಕ್ಯಾಚರ್ ಹಿಂದೆ, ಬ್ಯಾಟರ್ ಕಡೆಗೆ ಸರಿದು ಪ್ಲೇಟ್ ಅಂಪೈರ್ ನಿಲ್ಲುವ ಜಾಗ; ಇಬ್ಬರ ಕ್ರೂ ಅಂದರೆ ಇಬ್ಬರೇ ಅಂಪೈರ್‌ಗಳು ಗೇಮ್ ನಡೆಸುವುದು.

ದುಡ್ಡು ಕೀಳುವ ಕ್ಲಿನಿಕ್ ಇರುವುದು ನಿಜ. ನಾನೇ ಒಂದಕ್ಕೆ ಕೊಟ್ಟು ಬಂದೆ. ನನ್ನ ಮೊದಲ ಕ್ಲಿನಿಕ್ ಬೇರೆ ರಾಜ್ಯದಲ್ಲಿ, ಎರಡು ದಿನದ್ದು. ಶುಲ್ಕ 395 ಡಾಲರ್ ಅಂತ ನೆನಪು. ಎರಡು ರಾತ್ರಿ ಹೋಟೆಲ್, ಪೆಟ್ರೋಲು, ಟೋಲು, ಊಟ ಎಲ್ಲ ಸೇರಿ 800ರ ಹತ್ತಿರ ಹೋಯಿತು. ಪೋಸ್ಟರಿನಲ್ಲಿ ದೊಡ್ಡ ದೊಡ್ಡ ಕಾನ್ಫರೆನ್ಸ್‌ಗಳ (ಕಾಲೇಜು ತಂಡಗಳ ಕೂಟಗಳ) ಹೆಸರು. ಹೋಗಿ ನೋಡಿದರೆ ಅರವತ್ತು ಜನ ಅಂಪೈರ್‌ಗಳಿಗೆ ಮೂರು ಮೈದಾನ. ಮೊದಲ ದಿನದ ಅರ್ಧ ಫೋರ್ಸ್ ಪ್ಲೇ ಸ್ಲೈಡ್ ನಿಯಮದ (ರನ್ನರ್ ಫೀಲ್ಡರ್‌ಗೆ ಅಡ್ಡಿಯಾಗದಂತೆ ಬೇಸ್‌ಗೆ ಜಾರಬೇಕು ಎನ್ನುವುದು) ಮೇಲೆ ಉಪನ್ಯಾಸ. ಆ ನಿಯಮ 8-4ರಲ್ಲಿದೆ, ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ರೂಲ್ ಬುಕ್ ಕಂಪ್ಯೂಟರ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಮನೆಯಲ್ಲಿ ಕಾಫಿ ಕುಡಿಯುತ್ತಾ ಓದಬಹುದು. ಎರಡು ದಿನದಲ್ಲಿ ನನಗೆ ಪ್ಲೇಟ್ ಹಿಂದೆ ಸಿಕ್ಕಿದ್ದು ಒಂದೂವರೆ ಇನಿಂಗ್ಸ್. ಕೊನೆಗೆ ಕೈಗೆ ಬಂದ ಮೌಲ್ಯಮಾಪನದ ಹಾಳೆಯಲ್ಲಿ ನಾಲ್ಕು ಟಿಕ್, "ಚೆನ್ನಾಗಿ ಓಡುತ್ತೀರಿ" ಅಂತ ಒಂದು ಸಾಲು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ಅಲ್ಲಿದ್ದ ಅಸೈನರ್‌ಗಳಲ್ಲಿ (ಯಾವ ಗೇಮ್‌ಗೆ ಯಾವ ಅಂಪೈರ್ ಎಂದು ಹಂಚುವವರಲ್ಲಿ) ಒಬ್ಬರೂ ನ್ಯೂಜೆರ್ಸಿಯ ಗೇಮ್ ಹಂಚುವವರಲ್ಲ. ಅವರಿಗೆ ನಾನು ಎಷ್ಟೇ ಹಿಡಿಸಿದರೂ ನನಗೆ ಒಂದು ಗೇಮೂ ಬರುತ್ತಿರಲಿಲ್ಲ.

ವಾಪಸು ಬಂದ ರಾತ್ರಿ ಹೆಂಡತಿ ಕೇಳಿದಳು, "ರೀ, ಇನ್ನೊಂದು ಸ್ವಲ್ಪ ಹಾಕಿದ್ರೆ ಅಮ್ಮನ ಟಿಕೆಟ್ಟೇ ಆಗ್ತಿತ್ತಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆ: 800 ಭಾಗಿಸು ಒಂದೂವರೆ. ಒಂದು ಪ್ಲೇಟ್ ಇನಿಂಗ್ಸ್‌ಗೆ 530 ಡಾಲರ್. ನನ್ನ ವಿಧಾನ ಹುಟ್ಟಿದ್ದೇ ಆ ಹಾಳೆಯ ಮೇಲೆ. ಆಮೇಲೆ ಯಾವ ಕ್ಲಿನಿಕ್ ಜಾಹೀರಾತು ಕಂಡರೂ ಎರಡೇ ಪ್ರಶ್ನೆ ಬರೆದು ಕಳಿಸಿದೆ. ಪ್ಲೇಟ್ ಹಿಂದೆ ನನಗೆ ಎಷ್ಟು ಇನಿಂಗ್ಸ್ ಸಿಗುತ್ತದೆ? ನನ್ನನ್ನು ನೋಡುವವರಲ್ಲಿ ನಮ್ಮ ಕಡೆಯ ಗೇಮ್ ಹಂಚುವವರು ಯಾರಿದ್ದಾರೆ? ಸುಮಾರು ಒಂಬತ್ತು ಕಡೆ ಕಳಿಸಿದೆ, ನೇರ ಉತ್ತರ ಬಂದದ್ದು ಮೂರು ಕಡೆಯಿಂದ. ಉಳಿದವನ್ನು ಅಲ್ಲಿಗೇ ಬಿಟ್ಟೆ.

ಫ್ಲೋರಿಡಾದ ವೆಂಡೆಲ್‌ಸ್ಟೆಟ್ ಅಂಪೈರ್ ಶಾಲೆಗೆ ಹೋಗಿ ಅಂತ ಕೆಲವರು ಹೇಳಿದರು. ಒಳ್ಳೆಯ ಶಾಲೆ, ಅನುಮಾನವೇ ಇಲ್ಲ. ಆದರೆ ಜನವರಿಯಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು. ಇಬ್ಬರು ಮಕ್ಕಳು, ಮನೆ ಸಾಲ, ದಿನದ ಕೆಲಸ ಇರುವವರಿಗೆ ಅದು ದಾರಿಯಲ್ಲ. ವೃತ್ತಿಪರ ಮೈನರ್ ಲೀಗ್‌ಗೆ ಏರಬೇಕೆನ್ನುವ ಇಪ್ಪತ್ತರ ಹುಡುಗರು ಹೋಗಲಿ.

ನನ್ನ ಎರಡನೇ ಕ್ಲಿನಿಕ್ ಅಕ್ಟೋಬರಿನಲ್ಲಿ, ಮನೆಯಿಂದ ಐವತ್ತು ನಿಮಿಷ. ಒಂದು ಕಾಲೇಜಿನ ಶರತ್ಕಾಲದ ಅಭ್ಯಾಸ ಪಂದ್ಯಗಳಿಗೇ ಜೋಡಿಸಿದ್ದು. ಶುಲ್ಕ 240, ಹೋಟೆಲ್ ಇಲ್ಲ, ಬುತ್ತಿಗೆ ಮೊಸರನ್ನ. ಎಲ್ಲ ಸೇರಿ 300 ದಾಟಲಿಲ್ಲ. ಪ್ಲೇಟ್ ಹಿಂದೆ ನಾಲ್ಕು ಇನಿಂಗ್ಸ್, ಬೇಸ್‌ನಲ್ಲಿ ಐದು. ಅಂದರೆ ಪ್ಲೇಟ್ ಇನಿಂಗ್ಸ್‌ಗೆ 75.

ನನಗೆ ಕಾಲೇಜು ಗೇಮ್ ಕೊಡಿಸಿದ್ದು ಅಲ್ಲಿ ನಡೆದ ಒಂದು ಸಣ್ಣ ಸಂಗತಿ. ಬೆಳಿಗ್ಗೆ ಪಿಚಿಂಗ್ ಮಷಿನ್ ಮುಂದೆ ಕ್ಯಾಚರ್ ಹಿಂದೆ ಸ್ಲಾಟ್‌ನಲ್ಲಿದ್ದೆ. ಎಪ್ಪತ್ತರ ಆಸುಪಾಸಿನ ಹಿರಿಯ ಅಂಪೈರ್ ಒಬ್ಬರು ಹಿಂದಿನಿಂದ ಬಂದು ನನ್ನ ಕತ್ತಿನ ಮೇಲೆ ಎರಡು ಬೆರಳು ಇಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡು ನಿಂತರು. ಚೆಂಡು ಬಂತು, ಸ್ಟ್ರೈಕ್ ಅಂದೆ. "ಕತ್ತು ಇಳಿಯಿತು, ಗೊತ್ತಾಯಿತಾ?" ಅಂದರು. ಇಲ್ಲ ಅಂದೆ. ಮುಂದಿನ ಚೆಂಡಿಗೆ ಆ ಬೆರಳುಗಳ ಮೇಲೇ ಗಮನ ಇಟ್ಟೆ. ಹೌದು, ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬೀಳುವ ಹೊತ್ತಿಗೆ ನನ್ನ ತಲೆ ಹೆಬ್ಬೆರಳಗಲ ಕೆಳಗಿಳಿಯುತ್ತಿತ್ತು. ಚೆಂಡಿನ ಜೊತೆ ಕಣ್ಣೂ ಇಳಿದರೆ ಮೊಣಕಾಲಿನ ಕೆಳಗಿನ ಚೆಂಡು ಸ್ಟ್ರೈಕ್ ಹಾಗೆ ಕಾಣುತ್ತದೆ. ಹೈಸ್ಕೂಲ್ ಕೋಚ್‌ಗಳು ಎರಡು ವರ್ಷದಿಂದ "ಬ್ಲೂ (ಅಂಪೈರ್‌ನನ್ನು ಕರೆಯುವುದೇ ಹಾಗೆ), ಅದು ತಗ್ಗು" ಅಂತ ಕೂಗುತ್ತಿದ್ದದ್ದು ಸುಮ್ಮನೆ ಅಲ್ಲ. ಕಾಲೇಜಿನಲ್ಲಿ ಚೆಂಡು ಪಿಚರ್ ಕೈಬಿಟ್ಟು ಪ್ಲೇಟ್ ಮುಟ್ಟಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ತಲೆ ಅಲ್ಲಾಡಿದರೆ ಮುಗಿಯಿತು.

ಮಧ್ಯಾಹ್ನ ಇನ್ನೊಂದು ಎಡವಟ್ಟಾಯಿತು. ಇಬ್ಬರ ಕ್ರೂ, ಮೊದಲ ಬೇಸ್‌ನಲ್ಲಿ ರನ್ನರ್, ರೈಟ್ ಫೀಲ್ಡ್‌ಗೆ ಸಿಂಗಲ್ (ಬ್ಯಾಟರ್ ಮೊದಲ ಬೇಸ್ ಮುಟ್ಟುವ ಹೊಡೆತ). ಪ್ಲೇಟ್ ಅಂಪೈರ್ ಮೂರನೇ ಬೇಸ್‌ಗೆ ಹೋಗಬೇಕು. ನಾನು ಪ್ಲೇಟ್ ಹತ್ತಿರವೇ ನಿಂತೆ. ಮೂರನೇ ಬೇಸ್‌ನಲ್ಲಿ ಟ್ಯಾಗ್ (ಚೆಂಡು ಹಿಡಿದು ರನ್ನರ್‌ನನ್ನು ಮುಟ್ಟುವುದು) ಆಯಿತು, ನೋಡಲು ಅಲ್ಲಿ ಯಾರೂ ಇರಲಿಲ್ಲ. ಹಾಸನದಲ್ಲಿ ಹತ್ತು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳಿಗೆ ಅಂಪೈರಿಂಗ್ ಮಾಡಿದ ಕಾಲು ಇದು. ನಮ್ಮಲ್ಲಿ ಅಂಪೈರ್ ತನ್ನ ವಿಕೆಟ್ ಬಿಟ್ಟು ಹೋಗುವುದಿಲ್ಲ. ಪುಸ್ತಕದಲ್ಲಿ ಇಪ್ಪತ್ತು ಸಲ ಓದಿದ್ದೆ, ಆದರೆ ಅದು ಕಾಲಿಗೆ ಇಳಿದಿರಲಿಲ್ಲ. ಆ ಒಂದು ತಪ್ಪನ್ನು ಅಸೈನರ್ ಎದುರಿಗೆ ಮಾಡಿದೆ, ಮುಂದಿನ ಇನಿಂಗ್ಸ್‌ನಲ್ಲಿ ಅದೇ ಆಟ ಬಂದಾಗ ಸರಿಯಾಗಿ ಓಡಿ ಕೂಗಿ ಹೇಳಿದೆ. ತಿದ್ದಿಕೊಂಡದ್ದನ್ನು ಅವರು ನೋಡಿದರು. ನಾಲ್ಕು ಇನಿಂಗ್ಸ್ ಸಿಕ್ಕಿದ್ದಕ್ಕೆ ಅದಾಯಿತು, ಒಂದೂವರೆಯಲ್ಲಿ ಆಗುತ್ತಿರಲಿಲ್ಲ.

ಆದರೆ ಕ್ಲಿನಿಕ್ ಮುಗಿಸಿ ಬಂದು ಸುಮ್ಮನಿದ್ದರೆ ಆ 75ನ್ನೂ ಕಳೆದುಕೊಂಡ ಹಾಗೇ. ಬೇಸ್‌ಮೆಂಟಿನ ಕನ್ನಡಿಯ ಮೇಲೆ, ಸ್ಲಾಟ್‌ನಲ್ಲಿ ಕೂತಾಗ ನನ್ನ ಟೋಪಿಯ ಅಂಚು ಕಾಣುವ ಜಾಗಕ್ಕೆ ಹೆಂಡತಿಯ ಬಿಂದಿಯೊಂದನ್ನು ಅಂಟಿಸಿದೆ. ಮಗ ಪಕ್ಕದಿಂದ ಟೆನಿಸ್ ಬಾಲ್ ಎಸೆಯಬೇಕು, ನನ್ನ ಕಣ್ಣು ಮಾತ್ರ ಹೋಗಬೇಕು, ಟೋಪಿ ಬಿಂದಿ ಬಿಟ್ಟು ಕದಲಬಾರದು. ಕದಲಿತೋ ಇಲ್ಲವೋ ಎಂದು ನೋಡುವುದು ಮಗಳ ಕೆಲಸ. ದಿನಾ ಹದಿನೈದು ನಿಮಿಷ, ಆರು ವಾರ. ನಾಲ್ಕನೇ ವಾರದ ತನಕ ಏನೂ ಬದಲಾಗಲಿಲ್ಲ. ಐದನೆಯದರಲ್ಲಿ ತಲೆ ನಿಂತಿತು.

ಅಡ್ಡಪ್ರಯೋಗಗಳೂ ನಡೆದವು. ಹತ್ತಿರದ ಕ್ರಿಕೆಟ್ ಅಕಾಡೆಮಿಯ ಬೌಲಿಂಗ್ ಮಷಿನ್‌ನಲ್ಲಿ ಫುಲ್ ಟಾಸ್ ಹಾಕಿಸಿ ಹಿಂದೆ ನಿಂತೆ. ನಾಲ್ಕು ಭಾನುವಾರ, ಒಂದಕ್ಕೆ 30 ಡಾಲರ್. ಚೆಂಡು ಒಂದೇ ದಾರಿಯಲ್ಲಿ ಬರುತ್ತದೆ, ಗಾಳಿಯಲ್ಲಿ ಬಾಗುವ ಕರ್ವ್ ಬಾಲ್‌ಗೆ ಬೇಕಾದ ತಾಳ್ಮೆಯನ್ನು ಅದು ಕಲಿಸುವುದಿಲ್ಲ, ಬಿಟ್ಟೆ. ತಿಂಗಳಿಗಿಷ್ಟು ಅಂತ ಕಟ್ಟುವ ವಿಡಿಯೊ ಪಾಠಕ್ಕೆ 120 ಹೋಯಿತು, ಅದೂ ದಂಡ. ಫಲ ಕೊಟ್ಟದ್ದು ಪುಕ್ಕಟೆಯದು: ಫೆಬ್ರುವರಿಯಲ್ಲಿ ಊರಿನ ಹೈಸ್ಕೂಲ್ ಕೋಚ್‌ಗೆ ಕೇಳಿಕೊಂಡು ಅವರ ಪಿಚರ್‌ಗಳು ಅಭ್ಯಾಸ ಮಾಡುವ ಬುಲ್‌ಪೆನ್‌ನಲ್ಲಿ ಕ್ಯಾಚರ್ ಹಿಂದೆ ನಿಲ್ಲುವುದು. ಸಂಜೆಗೆ ನೂರೈವತ್ತು ಚೆಂಡು. ಕೋಚ್‌ಗಳಿಗೂ ಅದೇ ಬೇಕು, ಹುಡುಗರಿಗೆ ನಿಜವಾದ ಸ್ಟ್ರೈಕ್ ಝೋನ್ ಸಿಗುತ್ತದೆ. ಜನವರಿಯಲ್ಲಿ 150 ಡಾಲರಿನ ಒಳಾಂಗಣ ಕೇಜ್ (ಬಲೆ ಕಟ್ಟಿದ ಅಭ್ಯಾಸದ ಜಾಗ) ಕ್ಲಿನಿಕ್ ಒಂದಕ್ಕೂ ಹೋದೆ, ತಲೆ ನಿಂತಿದೆ ಎಂದು ಬೇರೆಯವರ ಬಾಯಲ್ಲಿ ಕೇಳಬೇಕಿತ್ತು, ಅಷ್ಟೆ.

ಕಡೇ ಕ್ಷಣದ ಸ್ಟ್ರೈಕ್ ಕರೆಗೆ ನಾನು ಮನಸ್ಸಿನಲ್ಲಿ ಒಂದು ಎಣಿಕೆ ಇಟ್ಟುಕೊಂಡಿದ್ದೇನೆ, ಕನ್ನಡದ್ದೇ ಎರಡು ಅಕ್ಷರ. ಅದು ನನ್ನ ಜೊತೆ ಕ್ರೂನಲ್ಲಿ ಇರುವವರಿಗೆ ಮಾತ್ರ. ಹಾಗೇ ಕ್ಲಿನಿಕ್ ಆದ ಮೂರನೇ ದಿನ ಅಸೈನರ್‌ಗೆ ಬರೆದ ಪತ್ರದಲ್ಲಿ ಏನಿತ್ತು ಅನ್ನುವುದನ್ನೂ ಇಲ್ಲಿ ಬಿಡಿಸುವುದಿಲ್ಲ. "ಗೇಮ್ ಕೊಡಿ" ಅಂತ ಬೇಡಿರಲಿಲ್ಲ, ಅಷ್ಟು ಹೇಳಬಲ್ಲೆ.

ನಮ್ಮವರು ಮರೆಯುವ ಒಂದು ವಿಷಯ ಇದೆ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಗೇಮ್ ಫೀ ಮುಟ್ಟಬೇಡಿ. ಅದು ವೀಸಾ ಕೊಡಿಸಿದ ಕಂಪನಿಗೆ ಮಾತ್ರ ದುಡಿಯುವ ಅನುಮತಿ, 80 ಡಾಲರಿನ ಗೇಮ್‌ಗಾಗಿ ಗ್ರೀನ್ ಕಾರ್ಡಿನ ಹತ್ತು ವರ್ಷದ ಕಾಯುವಿಕೆಯನ್ನು ಪಣಕ್ಕಿಡಬೇಡಿ. ನಾನು ಆರು ವರ್ಷ ಮಕ್ಕಳ ಲಿಟಲ್ ಲೀಗ್‌ನಲ್ಲಿ ಸ್ವಯಂಸೇವಕನಾಗಿಯೇ ಮಾಡಿದೆ. ಗ್ರೀನ್ ಕಾರ್ಡ್ ಬಂದ ಮೇಲೇ ಹೈಸ್ಕೂಲ್, ಆಮೇಲೆ ಕಾಲೇಜು.

ಈಗ ಮೊತ್ತ ನೋಡಿ. ಕ್ಲಿನಿಕ್‌ಗಳಿಗೆ, ಅದೇ ಅಕ್ಟೋಬರಿನದಕ್ಕೆ ಎರಡನೇ ಸಲ ಹೋದದ್ದೂ ವಿಡಿಯೊ ಪಾಠದ ದಂಡದ 120ರದ್ದೂ ಸೇರಿ, ಎರಡು ವರ್ಷದಲ್ಲಿ ಸುಮಾರು 1,700 ಡಾಲರ್. ಮಾಸ್ಕ್, ಚೆಸ್ಟ್ ಪ್ರೊಟೆಕ್ಟರ್, ಪ್ಲೇಟ್ ಶೂ, ಅಂಗಿಗಳಿಗೆ 900. ಮೊದಲ ವರ್ಷ 5 ಗೇಮ್, 850 ಬಂತು. 2025ರಲ್ಲಿ 27 ಗೇಮ್, ಸರಾಸರಿ 170ರಂತೆ 4,600 ಆಸುಪಾಸು. ಅದು ಅಷ್ಟೂ ಕೈಗೆ ಉಳಿಯುವುದಿಲ್ಲ. 1099ರ, ಅಂದರೆ ಸಂಬಳವಲ್ಲದ ಸ್ವತಂತ್ರ ದುಡಿಮೆ ಆದ್ದರಿಂದ ಲಾಭದ ಬಹುಪಾಲಿನ ಮೇಲೆ 15.3 ಶೇಕಡಾ ಸ್ವಯಂ ಉದ್ಯೋಗ ತೆರಿಗೆ ಬೇರೆ. ಅದಕ್ಕೇ ಮೈಲಿ ಬರೆದಿಡಿ: 2025ಕ್ಕೆ ಮೈಲಿಗೆ 70 ಸೆಂಟ್, ನನ್ನದು 1,900 ಮೈಲಿ, ಅಂದರೆ 1,300 ಡಾಲರ್ ಲೆಕ್ಕದಿಂದ ಕಳೆಯಿತು. ಅಂಪೈರಿಂಗ್‌ನಿಂದ ಆಗಲೇ ಸಂಪಾದನೆ ಇದ್ದದ್ದರಿಂದ ಕ್ಲಿನಿಕ್ ಶುಲ್ಕವನ್ನೂ ನಮ್ಮ ಸಿಪಿಎ (ತೆರಿಗೆ ಲೆಕ್ಕ ನೋಡುವವರು) ಖರ್ಚಿಗೆ ಹಾಕಿದರು. ರಸೀದಿ ಎಸೆಯಬೇಡಿ. ಅತ್ತೆಯವರ ಟಿಕೆಟ್ ಜೂನ್‌ನಲ್ಲಿ ಈ ದುಡ್ಡಿನಲ್ಲೇ ಆಯಿತು.

ಅಕ್ಟೋಬರಿನ ಅದೇ ಕ್ಲಿನಿಕ್‌ಗೆ ಮೂರನೇ ಸಲ ಕಟ್ಟಿದ್ದೇನೆ. ಈ ಸಲ ಮೂವರ ಕ್ರೂ ಅಭ್ಯಾಸವೂ ಇದೆ, ಡಿವಿಷನ್ ಎರಡಕ್ಕೆ ಏರಬೇಕೆನ್ನುವ ನನಗೆ ಅದು ಉಪಯೋಗ. ಕತ್ತಿನ ಮೇಲೆ ಬೆರಳಿಟ್ಟ ಹಿರಿಯರು ಈ ವರ್ಷವೂ ಬರುತ್ತಾರಂತೆ. ಬೆಳಿಗ್ಗೆ ಐದೂವರೆಗೆ ಹೊರಡುತ್ತೇನೆ, ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಬರುವವರು ಮಾಸ್ಕ್ ತಮ್ಮದೇ ತನ್ನಿ.