ಗುರುತು ಸೇರಿದ ಕಡೆ ಔಷಧಿಯೂ ಸೇರಿತೇ? ಪೆಟ್ ಚಿತ್ರಣದಲ್ಲಿ ನನ್ನ ಅನುಭವ

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹರಡಿದ ಸ್ತನ ಕ್ಯಾನ್ಸರಿನ ರೋಗಿಗಳಿಗೆ ವಿಕಿರಣ ಸೂಸುವ ತಾಮ್ರ-64ರ ಗುರುತು ಹಚ್ಚಿದ ಲೈಪೊಸೋಮ್ (ಔಷಧಿ ಹೊತ್ತೊಯ್ಯುವ ಕೊಬ್ಬಿನ ಪೊರೆಯ ಸೂಕ್ಷ್ಮ ಕಣ) ಕೊಟ್ಟು ಪೆಟ್ ಸ್ಕ್ಯಾನ್ (ವಿಕಿರಣದ ಗುರುತು ದೇಹದಲ್ಲಿ ಎಲ್ಲಿದೆ ಎಂದು ತೋರಿಸುವ ಚಿತ್ರಣ) ಮಾಡಿದಾಗ, ಒಂದೇ ದೇಹದ ಬೇರೆ ಬೇರೆ ಗಂಟುಗಳಿಗೆ ಅದು ತಲುಪಿದ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿತ್ತು. ಅದಕ್ಕೆ ಕಾರಣವನ್ನು ಹತ್ತಿರದಿಂದ ನೋಡಬೇಕೆಂದು ನಾನು ಇಲಿಗಳಲ್ಲಿ ಕೆಲಸ ಆರಂಭಿಸಿದೆ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ತುಂಬಿದ, ಸುಮಾರು 100 ನ್ಯಾನೊಮೀಟರ್ ಗಾತ್ರದ ಲೈಪೊಸೋಮ್ ಕಣಗಳು ರಕ್ತದಲ್ಲಿ ಬಹಳ ಹೊತ್ತು ಸುತ್ತುವುದರಿಂದ, 110 ನಿಮಿಷ ಅರ್ಧಾಯುಷ್ಯದ (ವಿಕಿರಣ ಅರ್ಧಕ್ಕಿಳಿಯುವ ಅವಧಿಯ) ಫ್ಲೋರಿನ್-18 ಸಾಲದು. 78 ಗಂಟೆಗಳ ಜಿರ್ಕೋನಿಯಮ್-89 ಬೇಕು. ಅದನ್ನು ಕಣಕ್ಕೆ ಕಟ್ಟಿಡಲು ಬಳಸಿದ್ದು ಡಿಫೆರಾಕ್ಸಮೀನ್, ಅಂದರೆ ಥಲಸ್ಸೇಮಿಯ ರೋಗಿಗಳ ದೇಹದಿಂದ ಹೆಚ್ಚುವರಿ ಕಬ್ಬಿಣ ತೆಗೆಯಲು ಕೊಡುವ ಅದೇ ಔಷಧಿ.

ಲೂಸಿಫೆರೇಸ್ ಎಂಬ ಬೆಳಕು ಹೊಮ್ಮಿಸುವ ಕಿಣ್ವ ಇರುವ 4ಟಿ1 ಎಂಬ ಇಲಿಯ ಸ್ತನ ಕ್ಯಾನ್ಸರ್ ಕೋಶಗಳನ್ನು ಆರಿಸಿಕೊಂಡಿದ್ದರಿಂದ, ಲೂಸಿಫೆರಿನ್ ಕೊಟ್ಟಾಗ ಹೊಮ್ಮುವ ಬೆಳಕಿನಲ್ಲಿ ಕ್ಯಾನ್ಸರ್ ಯಾವ ಅಂಗಕ್ಕೆ ಹರಡಿದೆ ಎಂಬುದು ಮೊದಲೇ ತಿಳಿಯುತ್ತಿತ್ತು. ಪೆಟ್‌ನಲ್ಲಿ ಯಕೃತ್ತು, ಗುಲ್ಮಗಳು ನಿರೀಕ್ಷೆಯಂತೆ ಪ್ರಖರವಾಗಿ ಕಂಡವು.

ಹೆಚ್ಚು ಎಚ್ಚರ ಬೇಕಾದದ್ದು ಮೂಳೆಯ ವಿಷಯದಲ್ಲಿ. ಹಿಡಿತ ತಪ್ಪಿದ ಜಿರ್ಕೋನಿಯಮ್ ನೇರವಾಗಿ ಮೂಳೆ ಸೇರುತ್ತದೆ, ಸ್ತನ ಕ್ಯಾನ್ಸರ್ ಹೆಚ್ಚಾಗಿ ಹರಡುವ ಜಾಗಗಳಲ್ಲಿ ಮೂಳೆಯೂ ಒಂದು. ಆದ್ದರಿಂದ ತೊಡೆಮೂಳೆಯಲ್ಲಿ ಕಂಡ ಹೊಳಪನ್ನು ಗಂಟೆಂದು ಬರೆಯುವ ಮೊದಲು, ಕ್ಯಾನ್ಸರ್ ಇಲ್ಲದ ಇಲಿಗಳಿಗೂ ಅದೇ ಲೈಪೊಸೋಮ್ ಕೊಟ್ಟು ಹೋಲಿಸುತ್ತಿದ್ದೆ. ಜೊತೆಗೆ ರಕ್ತದ ಮಾದರಿಯನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಕಾಲಂನಲ್ಲಿ ಹಾಯಿಸಿ, ವಿಕಿರಣ ಇನ್ನೂ ಕಣಗಳೊಂದಿಗೇ ಹೊರಬರುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಈ ಎರಡು ಹೋಲಿಕೆಗಳಿಲ್ಲದ ಮೂಳೆಯ ಚಿತ್ರವನ್ನು ನಾನು ಒಪ್ಪುವುದಿಲ್ಲ.

ಶ್ವಾಸಕೋಶದಲ್ಲಿನ, ಒಂದು ಮಿಲಿಮೀಟರಿಗಿಂತ ಚಿಕ್ಕ ಗಂಟುಗಳ ಸಂಕೇತ ಪೆಟ್‌ನಲ್ಲಿ ಸುತ್ತಲಿನ ಅಂಗಾಂಶದೊಂದಿಗೆ ಬೆರೆತುಹೋಗುತ್ತದೆ. ಅದಕ್ಕಾಗಿ ಶ್ವಾಸಕೋಶವು ಕುಗ್ಗದಂತೆ ಶ್ವಾಸನಾಳದ ಮೂಲಕ ಹೆಪ್ಪುಗಟ್ಟಿಸುವ ಮಾಧ್ಯಮ ತುಂಬಿ, ಘನೀಕರಿಸಿ, ತೆಳುವಾದ ಸೀಳುಗಳನ್ನು ತೆಗೆದು, ವಿಕಿರಣ ಬಿದ್ದ ಕಡೆ ಚಿತ್ರ ಮೂಡುವ ಫಾಸ್ಫರ್ ಫಲಕದ ಮೇಲೆ ಇಡುತ್ತಿದ್ದೆ. ಫಲಕದಲ್ಲಿ ಗಂಟಿನ ಅಂಚು ಗಾಢವಾಗಿ, ನಡುಭಾಗ ಮಸುಕಾಗಿ ಮೂಡುತ್ತಿತ್ತು.

ಇಷ್ಟೆಲ್ಲ ಆದರೂ ಕಂಡಿದ್ದು ಗುರುತು ಮಾತ್ರ. ಡಾಕ್ಸೊರುಬಿಸಿನ್ ತಾನೇ ಪ್ರತಿದೀಪ್ತಿ (ಬೆಳಕು ಬಿದ್ದಾಗ ಬೇರೆ ಬಣ್ಣದ ಹೊಳಪು) ಹೊಮ್ಮಿಸುವ ಅಣುವಾದ್ದರಿಂದ ಔಷಧಿಯನ್ನು ಪ್ರತ್ಯೇಕವಾಗಿ ನೋಡಲು ಸಾಧ್ಯವಾಯಿತು: ಲೈಪೊಸೋಮಿನೊಳಗೆ ಒತ್ತಾಗಿ ತುಂಬಿರುವಾಗ ಅಡಗಿರುವ ಅದರ ಕೆಂಪು ಹೊಳಪು ಬಿಡುಗಡೆಯಾದ ಮೇಲೆ ಕೋಶಕೇಂದ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಫಲಕ ಗಾಢವಾಗಿದ್ದು ಕೋಶಕೇಂದ್ರಗಳು ಕಪ್ಪಾಗಿಯೇ ಉಳಿದ ಭಾಗಗಳನ್ನು, ಕಣ ತಲುಪಿದೆ ಆದರೆ ಔಷಧಿ ಹೊರಬಂದಿಲ್ಲ ಎಂದು ಬೇರೆ ವರ್ಗವಾಗಿಯೇ ದಾಖಲಿಸಿದೆ.