ಭರತದ ಹೊತ್ತಿಗೆ ನಡಿಗೆ

ಉಡುಪಿ ಬಳಿಯ ಕೆಮ್ಮಣ್ಣಿನ ಕಡೆ ಸ್ವರ್ಣಾ ನದಿಯಲ್ಲಿ ಕುದ್ರುಗಳಿಗೆ, ಅಂದರೆ ನಡುಗಡ್ಡೆಗಳಿಗೆ, ಬರವಿಲ್ಲ. ಫೋಟೋ ತೆಗೆಯುವವರು ತಿಮ್ಮಣ್ಣಕುದ್ರುವಿನ ತೂಗುಸೇತುವೆಗೆ ಹೋಗುತ್ತಾರೆ. ನಾನು ಹೋಗುವ ಕುದ್ರುವಿಗೆ ಅಷ್ಟು ಹೆಸರಿಲ್ಲ, ಸೇತುವೆಯೂ ಇಲ್ಲ, ದೋಣಿಯೇ ಗತಿ. ಹೆಂಡತಿಯ ತವರಿನ ಹತ್ತು ಸೆಂಟ್ಸ್ ಜಾಗ ಅಲ್ಲಿದೆ. ಶಾಲೆಯಿಂದ ನಿವೃತ್ತನಾದ ಮೇಲೆ ಅಲ್ಲೊಂದು ಸಣ್ಣ ಮನೆ ಕಟ್ಟುವ ಆಸೆ. ಆದರೆ ಭಾವನ ಮನೆಯ ಸ್ಲ್ಯಾಬ್ ನೋಡಿ ಧೈರ್ಯ ಹೋಯಿತು. ಹದಿನೈದು ವರ್ಷಕ್ಕೇ ಅಡಿಭಾಗ ಚಕ್ಕೆ ಚಕ್ಕೆಯಾಗಿ ಉದುರಿ, ಕಬ್ಬಿಣದ ಎಲುಬು ಕಾಣುತ್ತಿತ್ತು. ಅದೇ ಹೊತ್ತಿಗೆ ಕುದ್ರುವಿನ ಆಚೆ ತುದಿಯಲ್ಲಿ ಯಾರೋ ಮನೆಗೆ ಪಂಚಾಂಗ, ಅಂದರೆ ಅಡಿಪಾಯ, ಹಾಕಿದರು. ನವೆಂಬರಿನಿಂದ ಮೇ ತನಕ ದಿನಾ ನಡೆದುಹೋಗಿ ಅದನ್ನೇ ನೋಡಿದೆ.

ಮೊದಲು ಬೆಳಿಗ್ಗೆ ಆರಕ್ಕೆ ಹೋಗುತ್ತಿದ್ದೆ. ಎಷ್ಟೋ ದಿನ ಅಲ್ಲಿ ನಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಕಲ್ಲು ತುಂಬಿದ ದೋಣಿ ಇಳಿತದಲ್ಲಿ ಕೆಸರಿಗೆ ಕಚ್ಚಿಕೊಳ್ಳುತ್ತದೆ, ಭರತ ಬಂದು ನೀರೇರಿದಾಗಲೇ ದಡಕ್ಕೆ ತಾಗುವುದು. ಭರತವೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಗಡಿಯಾರ ಬಿಟ್ಟು ತಿಥಿ ನೋಡಿ ಹೊರಡಲು ಕಲಿತ ಮೇಲೆ ನಡಿಗೆ ಸಾರ್ಥಕವಾಯಿತು. ಒಮ್ಮೆ ಮಟಮಟ ಮಧ್ಯಾಹ್ನ ಕೊಡೆ ಹಿಡಿದು ಬಂದವನನ್ನು ಕಂಡು ಮೇಸ್ತ್ರಿ, "ಮಾಸ್ಟ್ರೇ, ನಿಮಗೆ ಊಟ ಗೀಟ ಇಲ್ವಾ?" ಎಂದರು.

ಕೆಂಪುಕಲ್ಲು ಒಂದೊಂದೂ ಹೆಚ್ಚುಕಡಿಮೆ 30 ಕಿಲೋ. ಲಾರಿಯಿಂದ ದಡಕ್ಕೆ, ದಡದಿಂದ ದೋಣಿಗೆ, ದೋಣಿಯಿಂದ ಈ ದಡಕ್ಕೆ, ಅಲ್ಲಿಂದ ತಲೆಯ ಮೇಲೆ ತೆಂಗಿನ ತೋಟದೊಳಗೆ. ಇಲ್ಲಿ ಕಲ್ಲಿನ ಕ್ರಯಕ್ಕಿಂತ ಹೊರುವ ಕೂಲಿಯೇ ಭಾರ. ಪಣೆಯಿಂದ, ಅಂದರೆ ಕಲ್ಲಿನ ಕೋರೆಯಿಂದ, ಆಗಷ್ಟೇ ಕಡಿದ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಜನವರಿ ಹೊತ್ತಿಗೆ ಕೆತ್ತುವ ಸದ್ದಿನಲ್ಲೇ ಹೊಸ ಕಲ್ಲು, ಹಳೆ ಕಲ್ಲು ನನಗೆ ಗೊತ್ತಾಗುತ್ತಿತ್ತು. ಮೇಷ್ಟ್ರ ಕಿವಿ, ಮಕ್ಕಳ ಸುಳ್ಳನ್ನು ಹೀಗೇ ಹಿಡಿಯುತ್ತಿದ್ದದ್ದು.

ನಾನು ಕಾದಿದ್ದದ್ದು ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್, ಸ್ಲ್ಯಾಬ್‌ಗಳಿಗೆ. ಬೇಸಿಗೆಯಲ್ಲಿ ಕಡಲ ನೀರು ಹೊಳೆಯಲ್ಲಿ ಮೇಲೆ ಮೇಲೆ ಏರುತ್ತದೆ. ಆ ನೀರಿನ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಉಪ್ಪಿರುತ್ತದೆ. ಉಪ್ಪು ತಾಗಿದ ಕಬ್ಬಿಣಕ್ಕೆ ಕಾಂಕ್ರೀಟಿನೊಳಗೇ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಸಿಮೆಂಟನ್ನು ಒಡೆಯುತ್ತದೆ. ಭಾವನ ಮನೆಯಲ್ಲಿ ಆದದ್ದು ಇದೇ. ಆಗ ಹೊಯಿಗೆ ಎದುರಿನ ಹೊಳೆಯಿಂದಲೇ ಎತ್ತಿದ್ದರಂತೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದು, ಕರಾವಳಿಯಲ್ಲಿ ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ (ಕವರ್) ಬೇಕು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಸಾಧಾರಣ ಮೂರು ಬೆರಳಗಲ. ಹೊಸ ಮನೆಯ ಕಬ್ಬಿಣದಡಿ ನಾನು ಬೆರಳಿಟ್ಟು ನೋಡಿದೆ. ಒಂದು ಮೂಲೆಯಲ್ಲಿ ಒಂದೇ ಬೆರಳು ಹಿಡಿಯಿತು. ಹೇಳಲೋ ಬೇಡವೋ ಎಂದು ಅರ್ಧ ದಿನ ಒದ್ದಾಡಿ ಹೇಳಿದೆ. ಮೇಸ್ತ್ರಿ ಮುಖ ಗಂಟುಹಾಕಿದರೂ ಮರುದಿನ ಅಲ್ಲಿ ಸಿಮೆಂಟಿನ ಬಿಲ್ಲೆ ಕೊಟ್ಟು ಕಬ್ಬಿಣ ಎತ್ತಿದ್ದರು.

ಸ್ಲ್ಯಾಬ್‌ಗೆ ನೀರು ಹೊಡೆಯುವಾಗ ಇನ್ನೊಂದು ಕಂಡೆ. ಕುದ್ರುವಿನ ಬಾವಿಯ ಸಿಹಿನೀರು ಮಳೆಗಾಲದಲ್ಲಿ ಇಂಗಿದ್ದು. ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೆಪ್ಪದಂತೆ ನಿಂತಿರುತ್ತದೆ. ಹತ್ತು ದಿನ ಪಂಪು ಓಡಿಸಿದ್ದಕ್ಕೆ ಪಕ್ಕದ ಮನೆಯ ಬಾವಿ ಉಪ್ಪಾಯಿತು. ಆ ಮನೆಯ ಅಕ್ಕ ನನ್ನನ್ನೇ ಇಂಜಿನಿಯರೆಂದುಕೊಂಡು ಬೈದರು.

ಹಾಗಾಗಿ ನನ್ನ ಮನೆಗೆ ಸ್ಲ್ಯಾಬೇ ಬೇಡವೆಂದೆ. ಮಾಡಿಗೆ ಮರದ ಪಕ್ಕಾಸು, ರೀಪು, ಮೇಲೆ ಮಂಗಳೂರು ಹಂಚು. ಮಗನಿಗೆ ಸಮಾಧಾನವಿಲ್ಲ, ಟೆರೇಸ್ ಇಲ್ಲದ್ದೂ ಒಂದು ಮನೆಯಾ ಎನ್ನುತ್ತಾನೆ. ಕಬ್ಬಿಣ ಲಿಂಟಲ್ಲಿಗೆ ಮಾತ್ರ, ಅದಕ್ಕೆ ಬೇಕಾದ ನೀರು ಕೆಮ್ಮಣ್ಣಿನಿಂದ ಕ್ಯಾನಿನಲ್ಲಿ.

ಮಳೆ ಬಿಟ್ಟ ಮೇಲೆ ಮೊನ್ನೆ ಹುಣ್ಣಿಮೆಯ ಭರತಕ್ಕೆ ಮೊದಲ ದೋಣಿ ಬಂತು. 60 ಕಲ್ಲು, ಎರಡು ಒಡೆದಿದ್ದವು.