ಜಮಖಾನದ ಮೇಲೆ ಬಂದು ನಿಂತ ಆನೆ

ಮೊಬೈಲ್‌ನಲ್ಲಿ ಆನೆ ತೋರಿಸಿ ಮಕ್ಕಳ ರಕ್ತ ತೆಗೆಯುತ್ತೇನೆ ಎಂದಾಗ ನಮ್ಮ ಲ್ಯಾಬಿನಲ್ಲಿ ನಗದವರೇ ಇರಲಿಲ್ಲ. ‘ಕಾರ್ಟೂನ್ ಹಾಕಿದ್ರೂ ಅಳ್ತಾವ, ಆನಿ ನೋಡಿ ಸುಮ್ಮನಿರ್ತಾವೇನ್ರೀ?’ ಎಂದರು. ಈಗ ಅಳುವ ಮಗು ಬಂದರೆ ಅವರೇ ನನ್ನನ್ನು ಕೂಗುತ್ತಾರೆ.

ಹುಬ್ಬಳ್ಳಿಯಲ್ಲಿ ಮಕ್ಕಳ ಆಸ್ಪತ್ರೆಯೊಂದರ ಪಕ್ಕದ ಸಣ್ಣ ಲ್ಯಾಬ್ ನಮ್ಮದು. 2024ರ ಡೆಂಗಿ ಗಲಾಟೆ ನೆನಪಿದೆಯಲ್ವಾ? ಸೆಪ್ಟೆಂಬರ್ ಹೊತ್ತಿಗೆ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತ್ತು. ಡೆಂಗಿ ಬಂದ ಮಗುವಿಗೆ ದಿನಾ ರಕ್ತ ತೆಗೆದು ಪ್ಲೇಟ್‌ಲೆಟ್ ನೋಡಬೇಕು. ಮೊದಲ ದಿನ ಕುರ್ಚಿಯಲ್ಲಿ ಅಳುವ ಮಗು, ಮೂರನೇ ದಿನ ಗೇಟಿನಲ್ಲೇ ಶುರು ಮಾಡುತ್ತಿತ್ತು. ಇಬ್ಬರು ಹಿಡಿಯಬೇಕು. ಕೈ ಎಳೆದಾಗ ಸೂಜಿ ಸರಿಯುತ್ತದೆ, ರಕ್ತ ಹನಿಹನಿಯಾಗಿ ಬರುತ್ತದೆ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುಗಟ್ಟಿ ಕ್ಲಾಟ್ ಆಗುತ್ತದೆ. ಕ್ಲಾಟ್ ಆದ ಸ್ಯಾಂಪಲನ್ನು ಮೆಷಿನ್‌ನಲ್ಲಿ ಓಡಿಸಿದರೆ ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ಬರುತ್ತದೆ. ಮತ್ತೆ ಚುಚ್ಚಬೇಕು ಎಂದರೆ ಅಪ್ಪಂದಿರು ಜಗಳಕ್ಕೇ ನಿಲ್ಲುತ್ತಿದ್ದರು. ಅವರದೂ ತಪ್ಪಲ್ಲ ಬಿಡಿ. ಆದರೆ ಮನೆಯಲ್ಲಿ ‘ಊಟ ಮಾಡದಿದ್ರ ಸೂಜಿ ಮಾಡಿಸ್ತೀನಿ’ ಎಂದು ಹೆದರಿಸಿಟ್ಟವರೂ ಅವರೇ.

ಮರಗಟ್ಟಿಸುವ ಕ್ರೀಮ್ ನೋಡಿದ್ದೆವು. ಒಳ್ಳೆಯದೇ, ಆದರೆ ಹಚ್ಚಿ ಒಂದು ತಾಸು ಕಾಯಬೇಕು. ಹೊರಗೆ ಮೂವತ್ತು ಜನ ಕೂತಿದ್ದಾಗ ಯಾರು ಕಾಯುತ್ತಾರೆ? ಕಾರ್ಟೂನ್ ಕಥೆ ಬೇರೆ. ಸ್ಪಿರಿಟ್ ಹತ್ತಿ ಚರ್ಮಕ್ಕೆ ತಾಗಿದ ಕ್ಷಣ ಮಗುವಿನ ಕಣ್ಣು ತೆರೆ ಬಿಟ್ಟು ಕೈಗೆ ಬರುತ್ತದೆ. ಸುಮ್ನೆ ನೋಡುತ್ತಾ ಕೂರುವುದು ಸಾಲದು, ಮಗುವಿಗೆ ಏನಾದರೂ ಕೆಲಸ ಇರಬೇಕು ಅನ್ನಿಸಿತು. ಲಾಕ್‌ಡೌನ್ ಕಾಲದಲ್ಲಿ ಗೂಗಲ್‌ನಲ್ಲಿ ಹುಲಿ ಹುಡುಕಿ, ಫೋನಿನ ಕ್ಯಾಮೆರಾದಲ್ಲಿ ಅದು ನಡುಮನೆಯಲ್ಲೇ ನಿಂತ ಹಾಗೆ ಮಾಡಿಕೊಂಡು ಮಕ್ಕಳು ಆಡಿದ್ದು ನೆನಪಾಯಿತು. ಅದನ್ನು ನೋಡಲು ಫೋನನ್ನು ಸುತ್ತ ತಿರುಗಿಸಬೇಕು. ಫೋನ್ ತಿರುಗಿದ ಕಡೆ ಕತ್ತೂ ತಿರುಗುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ಆಪ್ ಮಾಡಿಕೊಡುತ್ತೇನೆಂದ ಒಬ್ಬರಿಗೆ ಇಪ್ಪತ್ತೈದು ಸಾವಿರದ ಹತ್ತಿರ ಕೊಟ್ಟೆ. ಅವರು ಮಾಡಿದ್ದು ಫೋನಿನ ಕ್ಯಾಮೆರಾಗೆ ಒಂದು ಕಾರ್ಡ್ ತೋರಿಸಿದರೆ ಅದರ ಮೇಲೆ ಆನೆ ಬರುವ ಥರದ್ದು. ಮಗು ಕಾರ್ಡಿನ ಮೇಲೆ ಬೆರಳಿಟ್ಟರೆ ಆನೆ ಮಾಯ. ಮಾಯವಾದ ಆನೆಗಾಗಿ ಇನ್ನೊಂದು ಅಳು. ಆಮೇಲೆ ಅವರು ಫೋನ್ ಎತ್ತಲೇ ಇಲ್ಲ. ಕೊನೆಗೆ ಕೈಹಿಡಿದವನು ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಅಕ್ಕನ ಮಗ. ಯುನಿಟಿ ಎಂಬ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡಿದ. ಕಾರ್ಡಿಲ್ಲ, ಆನೆ ನೇರ ನೆಲದ ಮೇಲೇ ನಿಲ್ಲುತ್ತದೆ. ಅವನಿಗೆ ಕೊಟ್ಟಿದ್ದು ಐದು ಸಾವಿರ, ಜೊತೆಗೆ ಲೆಕ್ಕವಿಲ್ಲದಷ್ಟು ಗಿರ್ಮಿಟ್. ನಮ್ಮ ಸ್ಟಾಫಿನ ಅಗ್ಗದ ಫೋನುಗಳಲ್ಲಿ ಫೋನ್ ತಿರುಗಿದ್ದನ್ನು ಗುರುತಿಸುವ ಗೈರೊಸ್ಕೋಪೇ ಇರಲಿಲ್ಲ, ಹಾಗಾಗಿ ಒಂಬತ್ತು ಸಾವಿರದ ಸೆಕೆಂಡ್ ಹ್ಯಾಂಡ್ ಫೋನ್ ತಂದೆ. ಅಕ್ಕನ ಮನೆಯಲ್ಲಿ ಆನೆ ಗಟ್ಟಿಯಾಗಿ ನಿಂತಿತ್ತು. ಲ್ಯಾಬಿಗೆ ತಂದರೆ ಜಾರಿಕೊಂಡು ಗೋಡೆಯೊಳಗೆ ಹೋಗುತ್ತಿತ್ತು! ಎರಡು ವಾರ ತಲೆ ಕೆಡಿಸಿಕೊಂಡೆವು. ಕಾರಣ ನಮ್ಮ ಹೊಳೆಯುವ ಬಿಳಿ ಟೈಲ್ಸ್. ಕ್ಯಾಮೆರಾಗೆ ನೆಲ ಗುರುತು ಸಿಗಲು ಅದರ ಮೇಲೆ ಏನಾದರೂ ಗೆರೆ, ಚುಕ್ಕೆ, ಬಣ್ಣ ಇರಬೇಕು. ಬೋಳು ಬಿಳಿಯಲ್ಲಿ ಅದಕ್ಕೆ ಹಿಡಿಯಲು ಏನೂ ಇಲ್ಲ. ಮನೆಯಿಂದ ಹಳೆಯ ನವಲಗುಂದದ ಜಮಖಾನ ತಂದು ಹಾಸಿದೆ. ಅದರ ಗೆರೆ, ಕೋನಗಳ ಚಿತ್ತಾರದ ಮೇಲೆ ಆನೆ ಬೇರು ಬಿಟ್ಟ ಹಾಗೆ ನಿಂತಿತು. ಬಲ್ಬನ್ನೂ ಜಾಸ್ತಿ ವ್ಯಾಟ್‌ನದ್ದಕ್ಕೆ ಬದಲಿಸಿದೆ.

ಈಗ ನಡೆಯುವುದು ಹೀಗೆ. ಮಗು ಅಮ್ಮನ ತೊಡೆಯ ಮೇಲೆ ಅಡ್ಡ ಕೂರುತ್ತದೆ. ಚುಚ್ಚುವ ಕೈ ನನ್ನ ಕಡೆ, ಫೋನ್ ಹಿಡಿದ ಕೈ ಆಚೆ ಕಡೆ. ನನ್ನ ಎರಡೂ ಕೈಗೆ ಕೆಲಸವಿರುತ್ತದೆ, ಆನೆಯನ್ನು ಓಡಿಸುವವರು ಯಾರು? ನೂರೈವತ್ತು ರೂಪಾಯಿಯ ಸೆಲ್ಫಿ ರಿಮೋಟನ್ನು ಕುರ್ಚಿ ಕೆಳಗೆ ನೆಲಕ್ಕೆ ಅಂಟಿಸಿದ್ದೇನೆ. ಕಾಲಿನಿಂದ ಒತ್ತಿದರೆ ಫೋನಿಗೆ ವಾಲ್ಯೂಮ್ ಬಟನ್ ಒತ್ತಿದ ಹಾಗೆ. ತೋಳಿಗೆ ಟೂರ್ನಿಕೆ ಪಟ್ಟಿ ಕಟ್ಟುವಾಗ ಒಂದು ಸಲ ಒತ್ತುತ್ತೇನೆ, ಆನೆ ಬೀರುವಿನ ಹಿಂದೆ ಅಡಗುತ್ತದೆ. ‘ಅಂಕಲ್, ಆನಿ ಎಲ್ಲಿ ಹೋತ್ರಿ?’ ಎಂದು ಮಗು ಹುಡುಕಲು ಶುರು ಮಾಡುತ್ತದೆ. ಅಷ್ಟರಲ್ಲಿ 23 ನಂಬರಿನ ಸ್ಕಾಲ್ಪ್ ವೇನ್ ಸೂಜಿ ಒಳಗೆ. ಚುಚ್ಚುವ ಆ ಗಳಿಗೆಯಲ್ಲಿ ಆನೆ ಒಂದು ಕೆಲಸ ಮಾಡುತ್ತದೆ. ಅದೇನೆಂದು ಮಾತ್ರ ಕೇಳಬೇಡಿ, ಅದು ನನ್ನ ಬಂಡವಾಳ. ನೋವೇ ಆಗಲ್ಲ ಎಂದು ಮಾತ್ರ ನಾನು ಹೇಳುವುದಿಲ್ಲ. ಒಮ್ಮೆ ಸುಳ್ಳು ಹೇಳಿದರೆ ಮರುದಿನ ಆ ಮಗು ಆನೆಯನ್ನೂ ನಂಬುವುದಿಲ್ಲ.

ಮೊದಲು ಹತ್ತು ಮಕ್ಕಳಲ್ಲಿ ಏಳೆಂಟು ಮಂದಿಯನ್ನು ಇಬ್ಬರು ಸೇರಿ ಹಿಡಿಯಬೇಕಿತ್ತು. ಈಗ ಎರಡೋ ಮೂರೋ. ಮರು ಚುಚ್ಚುವುದು ಅರ್ಧಕ್ಕಿಂತ ಕಡಿಮೆಯಾಗಿದೆ. ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು.

ಮೂರರಿಂದ ಎಂಟು ವರ್ಷದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಸುಗೂಸಿಗೆ ಆನೆಯೂ ಒಂದೇ, ಫ್ಯಾನೂ ಒಂದೇ. ಅದಕ್ಕೆ ಅಮ್ಮನ ಹಾಲೇ ಸರಿ, ಕುಡಿಯುತ್ತಿರುವಾಗಲೇ ತೆಗೆಯುತ್ತೇನೆ. ಹತ್ತು ದಾಟಿದ ಕೆಲವರು ಸೂಜಿಯನ್ನೇ ನೋಡಬೇಕು ಅನ್ನುತ್ತಾರೆ, ನೋಡಲಿ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳದು ದೊಡ್ಡ ಸವಾಲು. ರಕ್ತ ಹಾಕಿಸಿಕೊಳ್ಳಲು ಮೂರ್ನಾಲ್ಕು ವಾರಕ್ಕೊಮ್ಮೆ ಬರುವವರು, ಮೂರನೇ ಸಲಕ್ಕೆ ಆನೆ ಬೇಸರವಾಗುತ್ತದೆ. ಅವರಿಗಾಗಿ ನವಿಲು, ಕರಡಿ, ಒಂದು ಜೆಸಿಬಿ ಸೇರಿಸಿದೆವು. ಜೆಸಿಬಿ ಆನೆಯನ್ನೂ ಮೀರಿಸಿತು!

ನಡುವೆ ನರ, ಅಂದರೆ ರಕ್ತನಾಳ, ತೋರಿಸುವ ಯಂತ್ರವನ್ನೂ ಡೆಮೊಗೆ ತರಿಸಿ ನೋಡಿದೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ರಕ್ತ ಹೀರಿಕೊಳ್ಳುತ್ತದಲ್ಲ, ಅದನ್ನು ಹಿಡಿದು ನರದ ಗುರುತನ್ನು ಚರ್ಮದ ಮೇಲೇ ಬೀರುತ್ತದೆ. ದುಂಡನೆಯ ಕೈಯ ಮಗುವಿಗೆ ನರ ಎಲ್ಲಿದೆ ಎಂದು ಸಿಕ್ಕಿತು, ಎಷ್ಟು ಆಳ ಎಂದು ಬೆರಳಿನಿಂದಲೇ ನೋಡಬೇಕಾಯಿತು. ಅದರ ಹಸಿರು ಬೆಳಕು ಕಂಡು ಮಕ್ಕಳು ಮತ್ತೆ ಕೈ ಕಡೆಗೇ ತಿರುಗಿದರು. ಆ ರೇಟಿಗೆ ನನಗದು ಬೇಡ ಎಂದು ವಾಪಸ್ ಕಳಿಸಿದೆ.

ಮೊದಲು ಜೋರಾಗಿ ನಕ್ಕಿದ್ದ ಡಾಕ್ಟರು ಮೊನ್ನೆ ಲಸಿಕೆ ಕೋಣೆಗೂ ಒಂದು ಸೆಟ್ ಹಾಕಿಕೊಡಿ ಅಂದರು. ಫೋನ್, ಜಮಖಾನ, ರಿಮೋಟ್ ಸೇರಿಸಿ ಹದಿನೈದು ಸಾವಿರ ಎಂದು ಬರೆದು ಕೊಟ್ಟಿದ್ದೇನೆ. ಜಮಖಾನಕ್ಕೆ ಚೌಕಾಸಿ ನಡೆಯುತ್ತಿದೆ.